ಲಿಥಿಯಂ, ವ್ಯಾಲ್ಪ್ರೊಯೇಟ್, ಕ್ವೆಟಿಯಾಪಿನ್: ಯಾರಿಗೆ ಯಾವುದು?

ಬೈಪೋಲಾರ್ (ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಮಾನಸಿಕ ಕಾಯಿಲೆ) ಇರುವ ತಂಗಿಗೆ ಈ ಮೂರು ಔಷಧಿಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಕೊನೆಯ ಮಾತು ಡಾಕ್ಟರದ್ದೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಬೇಕು, ಅಲ್ವಾ?

ಉನ್ಮಾದ ಜೋರಾಗಿದ್ದರೆ ವ್ಯಾಲ್ಪ್ರೊಯೇಟ್, ಕ್ವೆಟಿಯಾಪಿನ್ ಬೇಗ ಹಿಡಿತಕ್ಕೆ ತರುತ್ತವೆ, ಲಿಥಿಯಂ ನಿಧಾನ. ಖಿನ್ನತೆಯೇ ಜಾಸ್ತಿಯಿದ್ದರೆ ಕ್ವೆಟಿಯಾಪಿನ್ ಮುಂದು. ಕಾಯಿಲೆ ಮರುಕಳಿಸದಂತೆ ವರ್ಷಗಟ್ಟಲೆ ತಡೆಯಲು, ಸಾಯುವ ಯೋಚನೆ ಬರುವವರಿಗೆ, ನನ್ನ ಒಲವು ಲಿಥಿಯಂ ಕಡೆಗೆ. ಆದರೆ ಹೆಚ್ಚು ನುಂಗಿದರೆ ಅದೇ ವಿಷ. ಹಾಗಾಗಿ ಮಾತ್ರೆ ಡಬ್ಬಿ ನಿಮ್ಮ ಹತ್ತಿರವೇ ಇರಲಿ.

ನಿಗಾ ಜಾಸ್ತಿ ಬೇಕಾದ್ದೂ ಲಿಥಿಯಂಗೇ. ರಾತ್ರಿ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ, ಲಿಥಿಯಂ ಎಷ್ಟಿದೆ ಅಂತ ನೋಡಲು ರಕ್ತ ಪರೀಕ್ಷೆಗೆ ಕೊಡಬೇಕು. ಬೆಳಗಿನ ಮಾತ್ರೆ ಇದ್ದರೆ ಅದು ಆಮೇಲೆ. ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಇರುತ್ತದೆ. ವಾಂತಿಭೇದಿ ಆದರೆ, ನೋವಿಗೆ ಐಬುಪ್ರೊಫೆನ್ ನುಂಗಿದರೆ, ರಕ್ತದಲ್ಲಿ ಲಿಥಿಯಂ ಏರಬಹುದು. ಕೈ ಜೋರಾಗಿ ನಡುಗಿ ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ವ್ಯಾಲ್ಪ್ರೊಯೇಟ್‌ಗೆ ಲಿವರ್ ಪರೀಕ್ಷೆ ಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ದೊಡ್ಡ ಅಪಾಯ. ತಂಗಿಗೆ ಮುಂದೆ ಮಗು ಬೇಕಿದ್ದರೆ ಮೊದಲೇ ಹೇಳಿ.

ಕ್ವೆಟಿಯಾಪಿನ್‌ಗೆ ತೂಕ, ಶುಗರ್ ನೋಡುತ್ತಿರಬೇಕು. ಬೆಳಗ್ಗೆಯೂ ತೂಕಡಿಕೆ ಬಿಡದು. ಬೇಗ ಎದ್ದು ಕೆಲಸಕ್ಕೆ ಹೋಗುವವರಿಗೆ ಕಷ್ಟ. ನಿದ್ದೆಯೇ ಬಾರದವರಿಗೆ ಅದೇ ಅನುಕೂಲ.

ಹುಷಾರಾದಳು ಅಂತ ಯಾವುದನ್ನೂ ಸುಮ್ನೆ ನಿಲ್ಲಿಸಬೇಡಿ.