ಎಲ್‌ಎಂ2940: ಚಿಪ್ ಅಪ್ಪಟ ಚಿನ್ನ, ಕೆಪಾಸಿಟರ್ ವಿಷಯದಲ್ಲಿ ಮಾತ್ರ ಹಟಮಾರಿ

6 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್ ಬೇಕು ಅಂದರೆ 7805 ಅನ್ನುವ ಮಾಮೂಲಿ ವೋಲ್ಟೇಜ್ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಚಿಪ್) ಕೈಕೊಡುತ್ತದೆ. ಅದಕ್ಕೆ ಹೆಚ್ಚುಕಮ್ಮಿ 7 ವೋಲ್ಟ್ ಕೊಡಬೇಕು. ಅದಕ್ಕೇ ನಮ್ಮ ಅಡುಗೆಮನೆ ರೇಡಿಯೊಗೆ ಅದೇ ಕೆಲಸದ ಎಲ್‌ಎಂ2940 ಹಾಕಿ ವರ್ಷಗಳೇ ಆದವು. 1 ಆಂಪಿಯರ್ ಎಳೆದರೂ ಇದು ತಿನ್ನುವುದು ಅರ್ಧ ವೋಲ್ಟ್ ಅಷ್ಟೇ. ರೇಡಿಯೊ ಎಳೆಯುವುದು ಅದಕ್ಕಿಂತ ಎಷ್ಟೋ ಕಮ್ಮಿ. ಬೆಳಿಗ್ಗೆ ಎದ್ದ ಕೂಡಲೇ ಬ್ಯಾಟರಿ ಸ್ವಿಚ್ ಹಾಕುವುದು, ಫಿಲ್ಟರ್‌ಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿಯುವುದು, ಡಿಕಾಕ್ಷನ್ ಇಳಿಯುವವರೆಗೆ 101.3 ಕಾಮನಬಿಲ್ಲು ಕೇಳುವುದು. ಕರೆಂಟ್ ಹೋದ ದಿನವೂ ಇದು ತಪ್ಪಿಲ್ಲ.

ಕಿರಿಕಿರಿ ಶುರುವಾಗಿದ್ದು ತಂಗಿ ಮನೆಗೂ ಒಂದು ಮಾಡಿಕೊಟ್ಟಾಗ. ಇದೇ ಚಿಪ್ ಕೂರಿಸಿದ ರೆಡಿಮೇಡ್ ಬೋರ್ಡ್ ತಂದಿದ್ದೆ. ಆನ್ ಮಾಡಿದರೆ ಸ್ಪೀಕರ್‌ನಲ್ಲಿ ಒಂದೇ ಸಮ ಸುಂಯ್ ಅನ್ನುವ ಸದ್ದು. ವಾಲ್ಯೂಮ್ ಇಳಿಸಿದರೂ ಅದು ಇಳಿಯುವುದಿಲ್ಲ. ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 5 ವೋಲ್ಟ್! ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಗೆಳೆಯನ ಆಸಿಲೋಸ್ಕೋಪ್‌ಗೆ ಹಾಕಿದಾಗ ಬಣ್ಣ ಬಯಲಾಯಿತು. ನೇರ ಗೆರೆ ಇರಬೇಕಾದ ಕಡೆ ಅಲೆ. ರೆಗ್ಯುಲೇಟರೇ ಆಸಿಲೇಟ್ ಆಗುತ್ತಿತ್ತು.

ಔಟ್‌ಪುಟ್‌ನಲ್ಲಿ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಏನೋ ಇತ್ತು. ಆದರೆ ಸೆರಾಮಿಕ್. ಈ ಚಿಪ್‌ಗೆ ಬರೀ 22 ಇದ್ದರೆ ಸಾಲದು. ಕೆಪಾಸಿಟರ್‌ನ ಇಎಸ್‌ಆರ್, ಅಂದರೆ ಅದರೊಳಗೇ ಇರುವ ರೆಸಿಸ್ಟೆನ್ಸ್, ಸುಮಾರು 0.1ರಿಂದ 1 ಓಮ್ ಒಳಗಿರಬೇಕು. ಸೆರಾಮಿಕ್‌ನದ್ದು ಕೆಲವೇ ಮಿಲಿಓಮ್. 7805ರ ಔಟ್‌ಪುಟ್ ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಎಮಿಟರ್‌ನಿಂದ ಬರುತ್ತದೆ, ಹಾಗಾಗಿ ಅದಕ್ಕೆ ಈ ರಗಳೆ ಇಲ್ಲ. ಇಲ್ಲಿ ಬರುವುದು ಪಿಎನ್‌ಪಿಯ ಕಲೆಕ್ಟರ್‌ನಿಂದ. ಲೋಡ್ ಜೊತೆ ಕೆಪಾಸಿಟರ್ ಸೇರಿ, ಔಟ್‌ಪುಟ್ ನೋಡಿ ತಿದ್ದಿಕೊಳ್ಳುವ ಫೀಡ್‌ಬ್ಯಾಕನ್ನು ತಡ ಮಾಡುತ್ತದೆ. ಆ ತಡವನ್ನು ತಗ್ಗಿಸುವುದೇ ಇಎಸ್‌ಆರ್. ಅದಿಲ್ಲದಿದ್ದರೆ ಏರಿಳಿತವನ್ನು ತಿದ್ದಬೇಕಾದ ಸಿಗ್ನಲ್ಲೇ ಹೊತ್ತು ಮೀರಿ ಬಂದು ಏರಿಳಿತವನ್ನು ಇನ್ನೂ ಹೆಚ್ಚಿಸುತ್ತದೆ. ಡೇಟಾಶೀಟ್‌ನಲ್ಲಿ ಇದಕ್ಕೊಂದು ಗ್ರಾಫೇ ಇದೆ. ಬೋರ್ಡ್ ಮಾಡಿ ಮಾರುವವರು ಅಷ್ಟನ್ನೂ ನೋಡುವುದಿಲ್ಲ ಅಂದರೆ ಸಿಟ್ಟು ಬರುತ್ತೆ ಅಲ್ವಾ?

ಸೆರಾಮಿಕ್ ಕಿತ್ತು ಅದೇ ಪ್ಯಾಡ್ ಮೇಲೆ ಸಾಕಷ್ಟು ಇಎಸ್‌ಆರ್ ಇರುವ ಟ್ಯಾಂಟಲಮ್ ಕೆಪಾಸಿಟರ್ ಕೂರಿಸಿದೆ. ಹುಷಾರು, ಚೌಕದ ಟ್ಯಾಂಟಲಮ್‌ನಲ್ಲಿ ಪಟ್ಟಿ ಇರುವ ಕಡೆ ಪ್ಲಸ್. ಡಬ್ಬಿ ಎಲೆಕ್ಟ್ರೋಲಿಟಿಕ್‌ನಲ್ಲಿ ಪಟ್ಟಿ ಇರುವ ಕಡೆ ಮೈನಸ್. ಸದ್ದು ಆ ಕ್ಷಣವೇ ನಿಂತಿತು. ಚಿಪ್ ಮೇಲಿನ ಸಿಟ್ಟೂ ಇಳಿಯಿತು, ತಪ್ಪು ಅದರದ್ದಲ್ಲವಲ್ಲ. ನಮ್ಮ ಅಡುಗೆಮನೆಯದರಲ್ಲಿ ಇರುವುದು ಅಗ್ಗದ ಎಲೆಕ್ಟ್ರೋಲಿಟಿಕ್. ಬಿಸಿಗೆ ಅದು ಒಣಗಿ ಇಎಸ್‌ಆರ್ ಏರುತ್ತದೆ ಅಂತ ಹೀಟ್‌ಸಿಂಕ್‌ನಿಂದ ದೂರ ಇಟ್ಟಿದ್ದೇನೆ. ಇಷ್ಟು ವರ್ಷಕ್ಕೂ ತಂಟೆ ಇಲ್ಲ.

ರೆಡಿಮೇಡ್ ಬೋರ್ಡ್ ಇನ್ನು ಬೇಡ. ಬಿಡಿ ಚಿಪ್ ತಂದು ನಾನೇ ಬೆಸುಗೆ ಹಾಕುತ್ತೇನೆ. 1 ಮೈಕ್ರೋಫ್ಯಾರಡ್ ಸೆರಾಮಿಕ್‌ಗೇ ಒಗ್ಗುವ ಎಂಸಿಪಿ1700 ರೆಗ್ಯುಲೇಟರ್ ಕೂಡ ಒಳ್ಳೆಯದೇ. ಆದರೆ ಅದಕ್ಕೆ 6 ವೋಲ್ಟ್ ಮೀರಿ ಕೊಡುವಂತಿಲ್ಲ. ಫುಲ್ ಚಾರ್ಜ್ ಆದ ನನ್ನ ಬ್ಯಾಟರಿ ಅದನ್ನು ದಾಟುತ್ತದೆ.