ನುಡಿ ಟೈಪಿಂಗ್ ಗೊತ್ತಿದ್ದವರ ಮುಂದೆ ಲಿನಕ್ಸ್ ಮಿಂಟ್: ರಾಯಚೂರಿನ ಶಿಬಿರಗಳಿಗೆ ಎಷ್ಟು ಒಗ್ಗುತ್ತದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ರಾಯಚೂರು, ಮಾನ್ವಿ, ಸಿಂಧನೂರಿನ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್‌ಗಳಲ್ಲಿ 4 ಜಿಬಿ ರ‍್ಯಾಮಿನ ಹಳೇ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವನ್ನು ಶಿಬಿರ ಮಾಡಿ ಜನರ ಹತ್ತಿರ ಒಯ್ಯುವವರಿಗೆ ಇದು ಒಳ್ಳೆಯ ಹೊತ್ತು. ಒಯ್ಯಲು ನಮ್ಮ ಆಯ್ಕೆ ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಮಿಂಟ್ 22, ಅದರಲ್ಲೂ ಹಳೇ ಯಂತ್ರಕ್ಕೆ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿ. ದುಡ್ಡು ಕೊಡಬೇಕಿಲ್ಲ, 2029ರವರೆಗೆ ಅಪ್‌ಡೇಟ್ ಸಿಗುತ್ತದೆ, ಮೆನು ಎಡಗಡೆ ಕೆಳಗೇ ಇರುವುದರಿಂದ ವಿಂಡೋಸ್ ಬಳಸಿದವರ ಕೈ ತಡವರಿಸುವುದಿಲ್ಲ.

ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರು ಮಾಡಿಸುವ ವೆಂಟಾಯ್ ತಂತ್ರಾಂಶವನ್ನು ಅದಕ್ಕೆ ಹಾಕಿ, ಮಿಂಟ್ ಪೂರ್ತಿ ಅಡಗಿರುವ ಸುಮಾರು 3 ಜಿಬಿಯ ಐಎಸ್‌ಒ ಫೈಲನ್ನು ಅದರೊಳಗೆ ಕಾಪಿ ಮಾಡಿದರೆ ಆಯಿತು. ವೆಂಟಾಯ್ ಹಾಕುವಾಗ ಪೆನ್‌ಡ್ರೈವ್ ಪೂರ್ತಿ ಅಳಿಯುತ್ತದೆ, ಮೊದಲೇ ಖಾಲಿ ಮಾಡಿಕೊಳ್ಳಿ. ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶದಿಂದ ಶುರುವಾಗದಂತೆ ತಡೆಯುವ ಕಾವಲು) ಇರುವ ಯಂತ್ರದಲ್ಲಿ ಮೊದಲ ಸಲ ನೀಲಿ ಪರದೆ ಬಂದು ಕೀ ಸೇರಿಸಲು ಕೇಳುತ್ತದೆ. ಇದು ಬರುತ್ತದೆ ಎಂದು ಮುಂಚೆಯೇ ಹೇಳಿರಿ, ಇಲ್ಲದಿದ್ದರೆ ಕಂಪ್ಯೂಟರ್ ಕೆಟ್ಟಿತೆಂದು ಅಂಗಡಿಯವರು ಗಾಬರಿಯಾಗುತ್ತಾರೆ.

ಇಲ್ಲಿ ಮಿಂಟ್ ಗೆಲ್ಲುವುದೂ ಸೋಲುವುದೂ ಕೀಬೋರ್ಡಿನ ಮೇಲೆ. ಮುಕ್ತ ತಂತ್ರಾಂಶ ಕೊಡುವ ಸ್ವಾತಂತ್ರ್ಯದ ಮಾತಿಗೆ ತಲೆಯಾಡಿಸುವ ಟೈಪಿಸ್ಟ್ ಕೊನೆಗೆ ಕೇಳುವುದು ಒಂದೇ: ‘ನುಡಿ ಬರ್ತದೇನ್ರೀ?’ ವಿಂಡೋಸ್‌ನ ನುಡಿ ತಂತ್ರಾಂಶದಲ್ಲಿ ಒತ್ತಿದ ಕೀಲಿಗಳೇ ಇಲ್ಲೂ ಬರುತ್ತವೆ. ಬೇರೆ ಭಾಷೆಗಳಲ್ಲಿ ಟೈಪ್ ಮಾಡಿಸುವ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದು ಕನ್ನಡದ ಕೆಜಿಪಿ ವಿನ್ಯಾಸ (ನುಡಿಯ ಕೀಲಿ ಜೋಡಣೆ) ಸೇರಿಸಬೇಕು. ಎಫ್ ಕೀ ಒತ್ತಿದರೆ ಅರ್ಧಾಕ್ಷರ, ನುಡಿಯಲ್ಲಿದ್ದಂತೆಯೇ. ಈ ಪ್ಯಾಕೇಜ್ ಇಳಿಸಲು ನೆಟ್ ಬೇಕು, ಆದ್ದರಿಂದ ಮೊಬೈಲ್ ಹಾಟ್‌ಸ್ಪಾಟ್ ಜೊತೆಗಿರಲಿ.

ತೊಡಕು ಹಳೇ ಫೈಲುಗಳಲ್ಲಿದೆ. ನುಡಿಯ ಹಳೇ ಫಾಂಟಿನಲ್ಲಿ ಬರೆದ ಅರ್ಜಿ, ಕರಾರು ಪತ್ರಗಳು ಮಿಂಟ್‌ನಲ್ಲಿ ವರ್ಡ್‌ನ ಕೆಲಸ ಮಾಡುವ ಲಿಬ್ರೆ ಆಫೀಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ, ಏಕೆಂದರೆ ಆ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿವೆ. ಓದಲು ಆ ಫಾಂಟ್ ಸೇರಿಸಿದರೆ ಸಾಕು. ತಿದ್ದಬೇಕೆಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ‘ಕರ್ನಾಟಕ’, ‘ಅರ್ಜಿ’ಯಂಥ ಪದಗಳನ್ನು ಕಣ್ಣಿಟ್ಟು ನೋಡಿ. ಅರ್ಕಾವತ್ತು ಹಳೇ ಫಾಂಟಿನಲ್ಲಿ ವ್ಯಂಜನದ ನಂತರ, ಯೂನಿಕೋಡ್‌ನಲ್ಲಿ ಅದಕ್ಕೂ ಮೊದಲು ಬರುತ್ತದೆ, ತಪ್ಪುವುದು ಅಲ್ಲೇ.

ಪ್ರಿಂಟರ್ ವಿಷಯದಲ್ಲಿ ಮಿಂಟ್‌ಗೆ ಪೂರ್ತಿ ಅಂಕ ಕೊಡಲಾಗದು. ಎಚ್‌ಪಿ ಎಂ1005ಕ್ಕೆ ಎಚ್‌ಪಿಯದೇ ಪ್ಲಗಿನ್ ಇಳಿಸಬೇಕು, ಆಮೇಲೆ ಚೆನ್ನಾಗಿ ನಡೆಯುತ್ತದೆ. ಕ್ಯಾನನ್ ಎಲ್‌ಬಿಪಿ 2900 ಮಾತ್ರ ನಿಜವಾಗಿ ಸತಾಯಿಸುತ್ತದೆ: ಡ್ರೈವರ್ ಒಳಗೆ ಬಂದಿರುವುದಿಲ್ಲ, ಕೈಯಾರೆ ಹಾಕಬೇಕು. ಅದಿರುವ ಅಂಗಡಿಯಲ್ಲಿ ಮೊದಲ ದಿನವೇ ಮಾತು ಕೊಡಬೇಡಿ.

ಯಾವ ಯಂತ್ರಕ್ಕೂ ನೇರವಾಗಿ ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಲೈವ್ ಓಡಿಸಿ ವೈಫೈ, ಸೌಂಡ್ ನೋಡಿ. ವಿಂಡೋಸ್ ಜೊತೆಗೇ ಇಡುವುದಾದರೆ ಅದರ ಫಾಸ್ಟ್ ಸ್ಟಾರ್ಟಪ್ (ಬೇಗ ಶುರುವಾಗಲು ಪೂರ್ತಿ ಮುಚ್ಚದೆ ಇಡುವ ಸೌಲಭ್ಯ) ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಇರುವ ಡ್ರೈವ್‌ಗೆ ಮಿಂಟ್‌ನಿಂದ ಬರೆಯಲಾಗದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಡಿಸ್ಕನ್ನು ಭಾಗ ಮಾಡುವ ಪಾರ್ಟಿಷನ್ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಗಿರಾಕಿಯ ಫೈಲೂ ಹೋದಂತೆ.

ಟ್ಯಾಲಿಯಲ್ಲಿ ಲೆಕ್ಕ ಇಡುವ ರೈಸ್ ಮಿಲ್ಲು, ಬೆರಳಿನ ಗುರುತು ಪಡೆಯುವ ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರಗಳ ಕೆಲಸ ವಿಂಡೋಸ್ ನಂಬಿಕೊಂಡಿದೆ, ಅವರ ಒಂದೇ ಕಂಪ್ಯೂಟರನ್ನು ಬದಲಿಸಲು ಹೋಗಬೇಡಿ. ಅವರ ಮನೆಯಲ್ಲಿ ಮಕ್ಕಳು ಓದಲು ಇಟ್ಟ ಹಳೇ ಲ್ಯಾಪ್‌ಟಾಪ್ ಕೇಳಿರಿ, ಅಲ್ಲಿಂದ ಶುರು ಮಾಡಿ.