ಲಾಟ್‌ಗೊಂದು ಸ್ಟ್ರಕ್ಟೋ, ಕಾಲಮ್‌ಗೊಂದು ಅರೇಯೋ?

ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟಿರುವ ಸಾಹುಕಾರರೊಬ್ಬರಿಗೆ ಹತ್ತಿ ಲಾಟ್‌ಗಳ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ, ಸಿ ಪ್ಲಸ್ ಪ್ಲಸ್‌ನಲ್ಲಿ. ಲಾಟ್ ನಂಬರು, ರೈತರ ಹೆಸರು, ಊರು, ತೂಕ, ತೇವಾಂಶ, ದರ ಎಲ್ಲ ಸೇರಿ ಒಂದು ಲಾಟ್‌ಗೆ 64 ಬೈಟ್. ಇದನ್ನೇ ಮೆಮೊರಿಯಲ್ಲಿ ಎರಡು ಥರ ಜೋಡಿಸಿ ಓಡಿಸಿ ನೋಡಿದೆ. ಒಂದು, ಎಲ್ಲರೂ ಬರೆಯುವಂತೆ ವಿವರವೆಲ್ಲ ಒಂದೇ ಕಟ್ಟಾಗಿ, ಲಾಟ್‌ಗೊಂದು ಸ್ಟ್ರಕ್ಟ್. ಇನ್ನೊಂದರಲ್ಲಿ ತೇವಾಂಶಗಳದ್ದೇ ಒಂದು ಅರೇ (ಸಾಲು), ದರಗಳದ್ದೇ ಮತ್ತೊಂದು; ಇದು ಕಾಲಮ್ ಪದ್ಧತಿ.

ಸಿಸಿಐ (ಭಾರತೀಯ ಹತ್ತಿ ನಿಗಮ) ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶ ಶೇ 12 ದಾಟಬಾರದು. ದಾಟಿದ ಲಾಟ್ ಎಷ್ಟೆಂದು ಎಣಿಸಲು ಹೊರಟರೆ ಕಾಲಮ್ ಪದ್ಧತಿಗೆ ಎದುರೇ ಇಲ್ಲ. ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಸಂಖ್ಯೆ ತರುವುದಿಲ್ಲ, 64 ಬೈಟಿನ ಇಡೀ ತುಂಡನ್ನೇ, ಅಂದರೆ ಕ್ಯಾಶ್ ಲೈನನ್ನೇ, ಎತ್ತಿ ತರುತ್ತದೆ. ಸ್ಟ್ರಕ್ಟ್‌ನಲ್ಲಿ ಅದರೊಳಗೆ ನನಗೆ ಬೇಕಾದದ್ದು 4 ಬೈಟ್, ಉಳಿದ 60 ದಂಡ. ಕಾಲಮ್‌ನಲ್ಲಿ ಅದೇ ಲೈನಿಗೆ 16 ತೇವಾಂಶ ಕೂರುತ್ತವೆ. ಹೀಗೆ ಪಕ್ಕಪಕ್ಕ ಕೂತದ್ದಕ್ಕೆ ಪ್ರೊಸೆಸರಿನ ಎವಿಎಕ್ಸ್2 ಆದೇಶ ಒಂದೇ ಏಟಿಗೆ ಎಂಟನ್ನು ಹೋಲಿಸಿಬಿಡುತ್ತದೆ.

ಕೆಲಸವನ್ನು ಪ್ರೊಸೆಸರಿನ ಹಲವು ಕೋರ್‌ಗಳಿಗೆ ಹಂಚಲು ಥ್ರೆಡ್ ಹೆಚ್ಚಿಸಿದಾಗ ಇನ್ನೊಂದು ತಕರಾರು. ಪ್ರತಿ ಥ್ರೆಡ್ಡಿನ ಎಣಿಕೆಯನ್ನು ಸಾಲಾಗಿ ಒತ್ತೊತ್ತಿಗೆ ಇಟ್ಟರೆ ಎಲ್ಲವೂ ಒಂದೇ ಕ್ಯಾಶ್ ಲೈನಿಗೆ ಬಿದ್ದು, ಕೋರ್‌ಗಳು ಅದನ್ನು ಪರಸ್ಪರ ಕಿತ್ತುಕೊಳ್ಳುತ್ತ ಕೂರುತ್ತವೆ. ಒಂದೊಂದು ಎಣಿಕೆಗೂ 64 ಬೈಟ್ ಜಾಗ ಬಿಟ್ಟರೆ ಜಗಳ ಮುಗಿಯಿತು. ಇದಕ್ಕೂ ಜೋಡಣೆಗೂ ಸಂಬಂಧವಿಲ್ಲ, ಎರಡಕ್ಕೂ ಬೇಕು. ಆಮೇಲೂ ವೇಗ ಏರದಿದ್ದರೆ ಡಬ್ಬಿ ಬಿಚ್ಚಿ ರ‍್ಯಾಮ್ ನೋಡಿ: ಡಿಡಿಆರ್4-3200ರ ಒಂದೇ ಚಾನೆಲ್ (ಮೆಮೊರಿಗೆ ಹೋಗಿಬರುವ ದಾರಿ) ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಕೊಡುತ್ತದೆ, ಎರಡು ಚಾನೆಲ್ ಆದರೆ 51.2.

ಸ್ಟ್ರಕ್ಟ್ ಗೆಲ್ಲುವುದು ರೈತರಿಗೆ ಕೊಡುವ ಲಾಟ್ ಚೀಟಿ ಮುದ್ರಿಸುವಾಗ. "ತಮ್ಮಾ, ರೈತ ಎದುರಿಗೇ ನಿಂತಿರ್ತಾನ, ಚೀಟಿ ಲಗೂನ ಬರ್ಬೇಕು ನೋಡು" ಎನ್ನುತ್ತಾರೆ ಸಾಹುಕಾರರು. ಒಂದು ಲಾಟ್‌ನ ವಿವರವೆಲ್ಲ ಅಲ್ಲಿ ಒಂದೇ ಲೈನಿನಲ್ಲಿ ಸಿಗುತ್ತದೆ. ಕಾಲಮ್‌ನಲ್ಲಿ ಆರು ಕಡೆ ತಡಕಬೇಕು. ಆದರೆ ಆರು ಕಡೆ ತಡಕಿದರೂ ಹಿಡಿಯುವುದು ಒಂದು ಮೈಕ್ರೋಸೆಕೆಂಡಿನ ಆಸುಪಾಸು. ಅವರ ಅಂಗಡಿಯ ಪ್ರಿಂಟರ್ ಕಾಗದ ಎಳೆದುಕೊಳ್ಳುವುದಕ್ಕೇ ಅದರ ಲಕ್ಷಪಟ್ಟು ಹೊತ್ತು ತಿನ್ನುತ್ತದೆ! ಈ ಗೆಲುವು ಬೆಂಚ್‌ಮಾರ್ಕ್‌ನಲ್ಲಷ್ಟೇ ಕಾಣುತ್ತದೆ, ಕೌಂಟರಿನಲ್ಲಿ ಅಲ್ಲ.

ಎಂಟೆಂಟು ಲಾಟ್‌ಗಳ ಗುಂಪು ಕಟ್ಟಿ, ಗುಂಪಿನೊಳಗೆ ಕಾಲಮ್ ಮಾಡುವ ನಡುವಿನ ದಾರಿಯೂ ಇದೆ. ಕೋಡ್ ಓದಲು ಬಾರದಷ್ಟು ಗೋಜಲಾಯಿತು, ಬಿಟ್ಟೆ.

ಈಗ ತೂಕ, ತೇವಾಂಶ, ದರ ಬೇರೆಬೇರೆ ಅರೇಗಳಲ್ಲಿವೆ. ನಂಬರು, ಹೆಸರು, ಊರು ಮಾತ್ರ ಒಂದೇ ಸ್ಟ್ರಕ್ಟ್‌ನಲ್ಲಿ. ಚೀಟಿ ಬಿಟ್ಟರೆ ಅವನ್ನು ಯಾರೂ ಕೇಳುವುದಿಲ್ಲ.